ಸೀಟಿನ ಲೆಕ್ಕಕ್ಕೂ ಮೊದಲು ಕಾಗೋಡು
ಮೀಸಲಾತಿ ತೀರ್ಪು ಬಂದಾಗಲೆಲ್ಲ ನನಗೆ ಶಾಂತವೇರಿ ಗೋಪಾಲಗೌಡರು ನೆನಪಾಗ್ತಾರೆ. 1923ರಲ್ಲಿ ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿದ ಈ ಸಮಾಜವಾದಿ, 1942ರ ಚಳವಳಿಯಲ್ಲಿ ಜೈಲು ಕಂಡರು. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರ ಪರ ನಿಂತರು. ಮರುವರ್ಷ ಸಾಗರ–ಹೊಸನಗರದಿಂದ, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು.

1962ರಲ್ಲೇ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮೈಸೂರು ಸರ್ಕಾರ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳಿಗೆ ತಂದಿದ್ದ ಶೇ 68 ಮೀಸಲಾತಿ ರದ್ದುಮಾಡಿತು. ಸಾಮಾನ್ಯವಾಗಿ ಶೇ 50ರೊಳಗಿರಬೇಕು ಎಂದಿತು.

ಸೀಟು ಎಷ್ಟು ಅಂತ ಕೋರ್ಟು ಹೇಳಬಹುದು. ಆದರೆ ಕಣದ ಭತ್ತವೆಲ್ಲ ಒಡೆಯರ ಕೊಳಗಕ್ಕೆ ಬಿದ್ದರೆ, ಗೇಣಿದಾರರ ಮಕ್ಕಳು ಕಾಲೇಜು ಬಾಗಿಲು ಮುಟ್ಟೋದು ಹೇಗೆ? ಕಾಗೋಡು ನನಗೆ ಕೇಳಿಸೋದು ಹಾಗೆ.

ಗೌಡರು 1972ರಲ್ಲಿ ತೀರಿಕೊಂಡರು. ಗೇಣಿ ಪದ್ಧತಿ ರದ್ದಾದ 1974ನ್ನು ಅವರು ನೋಡಲಿಲ್ಲ. ಶೇಕಡಾವಾರು ಜಗಳಕ್ಕಿಳಿಯೋ ನಾವು, ಬಾಗಿಲವರೆಗೂ ಬರದವರನ್ನ ಮೊದಲು ಎಣಿಸಬೇಕು.