ಕಿತ್ತೂರಿನ ಸೆರೆಯಾಳು ಕಂಡ ನಮ್ಮ ಹೊಲದ ಇಲಿ

ನಾನು ಈ ಶಾಲೆಯಲ್ಲಿ ಓದುವಾಗ ಕಿತ್ತೂರು ಚನ್ನಮ್ಮನ ಪಾಠದಲ್ಲಿ ಒಂದು ಅಂಕದ ಪ್ರಶ್ನೆಯೊಂದಿತ್ತು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಬಿದ್ದ ಮೇಲೆ ಕಿತ್ತೂರಿನವರ ಸೆರೆಗೆ ಸಿಕ್ಕ ಇಬ್ಬರು ಅಧಿಕಾರಿಗಳು ಯಾರು? ಸ್ಟೀವನ್‌ಸನ್ ಮತ್ತು ಎಲಿಯಟ್ ಎಂದು ಬರೆದು ಅಂಕ ಪಡೆದೆ, ಮರೆತೂಬಿಟ್ಟೆ. ಆ ಎಲಿಯಟ್ ನಮ್ಮ ಹೊಲದ ಇಲಿಗಳ ಬಗ್ಗೆ ಬರೆದವರೆಂದು ತಿಳಿದದ್ದು ನೌಕರಿ ಮುಗಿಸಿ ಊರಿಗೆ ಮರಳಿದ ಮೇಲೆ.

ವಾಲ್ಟರ್ ಎಲಿಯಟ್ ಹುಟ್ಟಿದ್ದು 1803ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ. ಚಿಕ್ಕ ವಯಸ್ಸಿನಲ್ಲೇ ಕಂಪನಿಯ ನೌಕರಿಗೆಂದು ಮದ್ರಾಸಿಗೆ ಬಂದು, ಅಲ್ಲಿಂದ ಧಾರವಾಡದಲ್ಲಿ ಥ್ಯಾಕರೆಯ ಸಹಾಯಕರಾದರು. ಆಗ ಈ ಸೀಮೆಯನ್ನು ದಕ್ಷಿಣ ಮರಾಠಾ ಸೀಮೆ ಎನ್ನುತ್ತಿದ್ದರು. ನಮ್ಮ ಬಾದಾಮಿ, ಬಾಗಲಕೋಟೆ, ಹುನಗುಂದದ ಕಡೆಯ ಊರುಗಳೂ ಅದರಲ್ಲಿ ಸೇರಿದ್ದವು. ಕಿತ್ತೂರಿನಲ್ಲಿ ಸೆರೆಸಿಕ್ಕಾಗ ಅವರಿಗೆ 21 ವರ್ಷ. ಸುಮಾರು ಆರು ವಾರ ಸೆರೆಯಲ್ಲಿದ್ದರೂ ಜೀವಕ್ಕೆ ಅಪಾಯವಾಗಲಿಲ್ಲ. ಬಿಡುಗಡೆಯಾದ ಮೇಲೆ 1833ರವರೆಗೂ ಇದೇ ಸೀಮೆಯಲ್ಲಿ ಉಳಿದರು. ಕನ್ನಡ ಶಾಸನಗಳನ್ನು ಪ್ರತಿ ಮಾಡಿಸಿದರು. ಅವರು ಕೂಡಿಸಿದ 595 ಶಾಸನಗಳ ಪ್ರತಿಗಳು ಚಾಲುಕ್ಯ ಮೊದಲಾದ ರಾಜವಂಶಗಳ ಇತಿಹಾಸ ಬರೆಯುವವರಿಗೆ ದೊಡ್ಡ ಆಧಾರವಾದವು.

ಕಲ್ಲಿನ ಮೇಲಿನ ಅಕ್ಷರ ನೋಡಿದ ಅದೇ ಕಣ್ಣು ನೆಲದ ಬಿಲಗಳನ್ನೂ ನೋಡಿತು. 1839ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಅವರು ಈ ಸೀಮೆಯ ಸಸ್ತನಿಗಳ ಪಟ್ಟಿ ಪ್ರಕಟಿಸಿದರು. ಅದರಲ್ಲಿ ಪ್ರಾಣಿಗಳ ಕನ್ನಡ ಹೆಸರುಗಳಿವೆ, ವಡ್ಡರ ಸಮಾಜದವರು ಕರೆಯುವ ಹೆಸರುಗಳೂ ಇವೆ. ಬಿಲ ಅಗೆದು ಇಲಿ ಹಿಡಿಯುವುದರಲ್ಲಿ ನುರಿತಿದ್ದ ಆ ಜನರಿಗೆ ಯಾವ ಬಿಲದಲ್ಲಿ ಯಾವ ಇಲಿ ಎಂಬುದು ಗೊತ್ತಿತ್ತು. ಸಾಹೇಬರು ಅದನ್ನು ಕೇಳಿ ತಿಳಿದು ಬರೆದರು. ಅವರ ಮೆಟ್ಟಾಡೆ ಎಂಬ ಮಾತು ಇಂದಿಗೂ ಒಂದು ಇಲಿಯ ಶಾಸ್ತ್ರೀಯ ಹೆಸರಿನಲ್ಲಿ ಮೆಲ್ಟಾಡ ಎಂದು ಉಳಿದಿದೆ. ಕನ್ನಡದ ಗುಲಂದಿ ಎಂಬ ಹೆಸರು ಗೊಲುಂಡಾ ಆಗಿ, ಅದರ ಜೊತೆಗೆ ಎಲಿಯಟ್ಟರ ಹೆಸರೂ ಸೇರಿದೆ.

ಅವರ ಬರವಣಿಗೆ ಓದಿದ ಮೇಲೆ ನಾನು ನಮ್ಮ ಹಿತ್ತಲನ್ನು ಬೇರೆ ಕಣ್ಣಿನಿಂದ ನೋಡಿದೆ. ಮನೆಯ ಹಿಂದೆ ಮಸಾರಿ ನೆಲ, ಅದರಾಚೆ ಎರಿ ಹೊಲ. ಕಲ್ಲಿಲಿ ಗರಸಿನ ಕೆಂಪು ನೆಲದಲ್ಲಿ ಬಿಲ ತೋಡುತ್ತದೆ, ಒಳಗಿರುವಾಗ ಬಾಯಿಗೆ ಸಣ್ಣ ಹರಳು ಮುಚ್ಚಿಕೊಳ್ಳುತ್ತದೆ, ಒಳಗೂ ಹರಳಿನ ಹಾಸಿಗೆ ಮಾಡಿಕೊಂಡು ಕೂಡುತ್ತದೆ ಎಂದು ಅವರು ಬರೆದಿದ್ದಾರೆ. ನಮ್ಮ ಬೇವಿನ ಗಿಡದ ಬುಡದಲ್ಲಿ ಅಂಥ ಹರಳಿನ ಗುಂಪನ್ನು ಹುಡುಗನಾಗಿದ್ದಾಗಿನಿಂದ ಕಂಡಿದ್ದೆ. ಯಾರೋ ಮಕ್ಕಳು ಆಡಿಬಿಟ್ಟ ಕಲ್ಲೆಂದು ಕಾಲಿನಿಂದ ಒದ್ದು ಹೋಗುತ್ತಿದ್ದೆ.

ಮೆಟ್ಟಾಡೆಯ ಬದುಕು ಎರಿ ಹೊಲದ್ದು. ಬೇಸಿಗೆಯಲ್ಲಿ ಕರಿ ನೆಲ ಬಿರಿದಾಗ ಆ ಬಿರುಕುಗಳೇ ಅದರ ಮನೆ. ಮುಂಗಾರು ಬಿದ್ದು ಬಿರುಕು ಮುಚ್ಚುವಾಗ ಲೆಕ್ಕವಿಲ್ಲದಷ್ಟು ಇಲಿಗಳು ಒಳಗೇ ಸಾಯುತ್ತವೆ. 1826ರಲ್ಲಿ ಮಳೆ ಕಡಿಮೆಯಾಯಿತು, ಇಲಿಗಳು ವಿಪರೀತ ಹೆಚ್ಚಿದವು. ಬಿತ್ತಿದ ಬೀಜ ತಿಂದವು. ಉಳಿದ ಜೋಳ ಬಲಿಯುವಾಗ ದಂಟು ಹತ್ತಿ ತೆನೆ ಕಡಿದವು. ರೈತರು ಇಷ್ಟು ಡಜನ್ ಇಲಿಗೆ ಇಷ್ಟು ಕಾಳು ಎಂದು ಅಳೆದು ಕೊಟ್ಟು ವಡ್ಡರಿಂದ ಸಾವಿರಾರು ಇಲಿ ಕೊಲ್ಲಿಸಿದರೂ ಅವು ಕಡಿಮೆಯಾದಂತೆ ಕಾಣಲಿಲ್ಲ.

ಇದನ್ನು ಓದಿದಾಗ ನನಗೆ ನನ್ನದೇ ತಪ್ಪು ನೆನಪಾಯಿತು. ಮಳೆ ಕೈಕೊಟ್ಟ ಒಂದು ವರ್ಷ ನಾನೂ ಹೊಲದ ಬದುವಿನಗುಂಟ ವಿಷದ ಕಾಳು ಇಟ್ಟಿದ್ದೆ. ಕೆಲವು ದಿನಗಳ ಮೇಲೆ ಬೇವಿನ ಗಿಡದ ಪೊಟರೆಯಲ್ಲಿದ್ದ ಗೂಗೆ ಕೆಳಗೆ ಸತ್ತು ಬಿದ್ದಿತ್ತು. ರಾತ್ರಿಯಿಡೀ ಇಲಿ ಹಿಡಿಯುತ್ತಿದ್ದ ಕೂಲಿ ಕೇಳದ ಆಳನ್ನು ನಾನೇ ಕೊಂದಿದ್ದೆ. ಇಲಿಗಳು ಮರುವರ್ಷವೂ ಬಂದವು, ಗೂಗೆ ಬರಲಿಲ್ಲ. ಅಂದಿನಿಂದ ವಿಷ ಬಿಟ್ಟಿದ್ದೇನೆ. ಪೊಟರೆಯಲ್ಲಿ ಮತ್ತೆ ಗೂಗೆ ಕೂಗಿದ್ದು ನಾಲ್ಕು ಮಳೆಗಾಲ ಕಳೆದ ಮೇಲೆ.

ಎಲಿಯಟ್ಟರು ಮುಂದೆ ಮದ್ರಾಸಿನಲ್ಲಿ ದೊಡ್ಡ ಹುದ್ದೆಗೇರಿದರು. ಚಾರ್ಲ್ಸ್ ಡಾರ್ವಿನ್ನರಿಗೆ ಸಾಕು ಪಾರಿವಾಳಗಳ ಚರ್ಮ ಕಳಿಸಿದರು. ಗಿಡಮರಗಳ ತೆಲುಗು ಹೆಸರುಗಳ ಪುಸ್ತಕ ಮಾಡಿದರು. ಅವರು ಅಗೆಸಿದ ಅಮರಾವತಿಯ ಶಿಲ್ಪಗಳು ಇಂದು ಲಂಡನ್ನಿನಲ್ಲಿವೆ. ನಮ್ಮ ನೆಲದ್ದು ನಮ್ಮಲ್ಲಿ ಉಳಿಯಲಿಲ್ಲವೆಂಬ ನೋವು ಅದರ ಜೊತೆಗಿದೆ. ಅವರು ಕಂಪನಿ ಸರ್ಕಾರದ ಆಳೆಂಬುದನ್ನೂ ಮರೆಯಬಾರದು. 1860ರಲ್ಲಿ ನಿವೃತ್ತರಾಗಿ ಸ್ಕಾಟ್ಲೆಂಡಿಗೆ ಮರಳಿದರು. ಕೊನೆಗಾಲದಲ್ಲಿ ದೃಷ್ಟಿ ಹೋದರೂ ದಕ್ಷಿಣ ಭಾರತದ ನಾಣ್ಯಗಳ ಬಗ್ಗೆ ಪುಸ್ತಕ ಮುಗಿಸಿ, 1887ರ ಮಾರ್ಚ್ 1ರಂದು ತೀರಿಕೊಂಡರು.

ನಮ್ಮ ಶಾಲೆಯ ಮಕ್ಕಳಿಗೆ ನನ್ನದೊಂದು ಮನವಿ. ಇಳಕಲ್ಲಿನ ಕಡೆಯ ಕೆಂಪು ನೆಲವಿರಲಿ, ಹುನಗುಂದದ ಕರಿ ನೆಲವಿರಲಿ, ನಿಮ್ಮ ಹಿತ್ತಲಿಗೊಂದು ನೋಟುಬುಕ್ಕು ಇಡಿರಿ. ಬೇವು ಹೂ ಬಿಟ್ಟ ದಿನ, ಎರಿ ಬಿರಿದ ದಿನ, ಮೊದಲ ಮಳೆಗೆ ಕಪ್ಪೆ ಕೂಗಿದ ದಿನ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಅಜ್ಜ ಅಮ್ಮಂದಿರನ್ನು ಕೇಳಿರಿ. ಪರದೇಶದವರೊಬ್ಬರು ಕೇಳಿ ಬರೆದಿಟ್ಟ ಹೆಸರುಗಳು ಉಳಿದಿವೆ. ಕೇಳದೆ ಬಿಟ್ಟ ಹೆಸರುಗಳು ಹೇಳುವವರೊಂದಿಗೇ ಹೋಗುತ್ತವೆ.