ನಾಣ್ಯ ತೂಗಿದ ಗೋವೆಯ ಗಣಿತಜ್ಞ

ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ದ್ರವ್ಯ, ಚಲನೆ, ತರಂಗ, ಶಕ್ತಿ ಎಂದು ಪಾಠಗಳು ಸಾಲಾಗಿ ಬರುತ್ತವೆ. ನಾವು ಅವನ್ನು ಹೇಳಿಕೊಡುವಾಗ ಮಕ್ಕಳು ಗೆಲಿಲಿಯೋ, ನ್ಯೂಟನ್ ಎಂದು ದೂರದ ಹೆಸರುಗಳನ್ನೇ ಬಾಯಿಪಾಠ ಮಾಡುತ್ತಾರೆ. ಇದೆಲ್ಲ ಪರದೇಶದವರ ವಿದ್ಯೆ, ನಮ್ಮಂಥವರಿಗೆ ದಕ್ಕುವುದಲ್ಲ ಎಂಬ ಅಳುಕು ಅವರಲ್ಲಿ ಇದ್ದೇ ಇದೆ. ಆ ಅಳುಕನ್ನು ಹೋಗಲಾಡಿಸಲು ನಾವು ತರಗತಿಯಲ್ಲಿ ಹೇಳುವ ಹೆಸರೊಂದಿದೆ. ಇದೇ ಪಡುಗಡಲ ತೀರದ ಗೋವೆಯಲ್ಲಿ ಹುಟ್ಟಿದ ದಾಮೋದರ ಧರ್ಮಾನಂದ ಕೋಸಾಂಬಿಯವರ ಹೆಸರು ಅದು.

ಅವರು ಜನಿಸಿದ್ದು 1907ರ ಜುಲೈ 31ರಂದು. ಆಗ ಗೋವೆ ಪೋರ್ಚುಗೀಸರ ಕೈಯಲ್ಲಿತ್ತು. ಮನೆಮಾತು ಕೊಂಕಣಿ. ತಂದೆ ಧರ್ಮಾನಂದ ಕೋಸಾಂಬಿಯವರು ಗೋವೆಯ ಸಾಂಖವಾಳದವರು. ಬುದ್ಧನ ಮಾತನ್ನು ಮೂಲದಲ್ಲೇ ಓದಬೇಕೆಂಬ ಒಂದೇ ಹಂಬಲದಿಂದ ಮನೆ ಬಿಟ್ಟು ನೇಪಾಳ, ಸಿಂಹಳ, ಬರ್ಮಾ ಸುತ್ತಿ ಪಾಲಿ ಭಾಷೆಯ ಮಹಾಪಂಡಿತರಾದವರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯ ಅವರನ್ನು ಗ್ರಂಥ ಸಂಪಾದನೆಗೆ ಕರೆಸಿಕೊಂಡಿತು. 1918ರಲ್ಲಿ ಹನ್ನೊಂದು ವರ್ಷದ ದಾಮೋದರನೂ ತಂದೆಯೊಡನೆ ಹಡಗು ಹತ್ತಿದ. ಅಲ್ಲಿಯ ಶಾಲೆಯಲ್ಲಿ ಓದಿ, 1929ರಲ್ಲಿ ಹಾರ್ವರ್ಡಿನಿಂದಲೇ ಅತ್ಯುನ್ನತ ಶ್ರೇಣಿಯ ಪದವಿ ಪಡೆದು, ಅವರು ಸ್ವದೇಶಕ್ಕೆ ಮರಳಿದರು.

ಕಾಶಿ, ಅಲೀಗಢಗಳಲ್ಲಿ ಸ್ವಲ್ಪ ಕಾಲ ಪಾಠ ಹೇಳಿ, ಅನಂತರ ಪುಣೆಯ ಫರ್ಗ್ಯುಸನ್ ಕಾಲೇಜು ಸೇರಿದರು. ಎಸೆದ ಕಲ್ಲು ಹಿಡಿಯುವ ದಾರಿ, ಗ್ರಹ ಸುತ್ತುವ ದಾರಿ, ಇವೆಲ್ಲ ಚಲನೆಯ ಪಾಠಗಳಷ್ಟೆ. ಇಂಥ ದಾರಿಗಳನ್ನು ತಿಳಿಸುವ ಸಮೀಕರಣಗಳ ಹಿಂದಿರುವ ಜ್ಯಾಮಿತಿಯನ್ನು ಕೋಸಾಂಬಿಯವರು 1930ರ ದಶಕದಲ್ಲಿ ಶೋಧಿಸಿದರು. ಫ್ರಾನ್ಸಿನ ಕಾರ್ತಾನ್, ಚೀನದ ಚರ್ನ್ ಅದನ್ನು ಮುಂದುವರಿಸಿದರು. ಮೂವರ ಹೆಸರೂ ಸೇರಿ ಆ ಸಿದ್ಧಾಂತಕ್ಕೆ ಇಂದಿಗೂ ಅಂಟಿಕೊಂಡಿದೆ. 1943ರಲ್ಲಿ ಇನ್ನೊಂದು ಲೇಖನ ಬರೆದರು. ಎತ್ತರ ತಗ್ಗುಗಳಿಗೆ ಲೆಕ್ಕವೇ ಇಲ್ಲದ ತರಂಗವನ್ನೂ ಸರಳ ತುಣುಕುಗಳ ಮೊತ್ತವಾಗಿ ಬಿಡಿಸಬಹುದೆಂದು ಅದರಲ್ಲಿ ತೋರಿಸಿದರು. ಕೆಲವೇ ವರ್ಷಗಳಲ್ಲಿ ಯುರೋಪಿನ ಇಬ್ಬರು ಅದನ್ನೇ ಸ್ವತಂತ್ರವಾಗಿ ಕಂಡುಹಿಡಿದರು. ಬಹುಕಾಲ ಅದು ಅವರಿಬ್ಬರ ಹೆಸರಿನಲ್ಲೇ ನಡೆಯಿತು; ಕೋಸಾಂಬಿಯವರ ಹೆಸರು ಮುಂದೆ ಸೇರಿದ್ದು ತಡವಾಗಿ.

ಮಕ್ಕಳಿಗೆ ಬಹಳ ಇಷ್ಟವಾಗುವುದು ನಾಣ್ಯದ ಕಥೆ. ಮೌರ್ಯರ ಕಾಲದ ಅಚ್ಚೊತ್ತಿದ ಬೆಳ್ಳಿ ನಾಣ್ಯಗಳಲ್ಲಿ ಅರಸನ ಹೆಸರಿಲ್ಲ, ಇಸವಿಯಿಲ್ಲ. ಯಾವುದು ಹಿಂದಿನದು, ಯಾವುದು ಮುಂದಿನದು ಎಂದು ತಿಳಿಯುವುದು ಹೇಗೆ? ಕೋಸಾಂಬಿಯವರು ತಕ್ಕಡಿ ಹಿಡಿದರು. ನಾಣ್ಯ ಕೈಯಿಂದ ಕೈಗೆ ಹೋದಷ್ಟೂ ಘರ್ಷಣೆಯಿಂದ ಸವೆಯುತ್ತದೆ. ಸವೆದ ಬೆಳ್ಳಿ ನಾಶವಾಗುವುದಿಲ್ಲ, ಬೆರಳಿಗೂ ಚೀಲಕ್ಕೂ ಅಂಟಿ ಹೋಗುತ್ತದೆ, ನಾಣ್ಯ ಮಾತ್ರ ಹಗುರಾಗುತ್ತದೆ. ಮೊದಲು ತಮ್ಮ ಕಾಲದಲ್ಲಿ ಚಲಾವಣೆಯಲ್ಲಿದ್ದ ನಾಣ್ಯಗಳನ್ನೇ ಸಾವಿರಗಟ್ಟಲೆ ತೂಗಿ ನೋಡಿದರು. ಚಲಾವಣೆಯ ಕಾಲ ಹೆಚ್ಚಿದಂತೆ ಸರಾಸರಿ ತೂಕ ಇಳಿಯುತ್ತದೆ, ಒಂದಕ್ಕೂ ಇನ್ನೊಂದಕ್ಕೂ ತೂಕದ ವ್ಯತ್ಯಾಸ ಬೆಳೆಯುತ್ತದೆ ಎಂಬುದು ಖಚಿತವಾಯಿತು. ಬಳಿಕ ತಕ್ಷಶಿಲೆಯ ನಿಧಿಯ ನಾಣ್ಯಗಳಿಗೆ ಅದೇ ಲೆಕ್ಕ ಹಚ್ಚಿ ಅವುಗಳ ಹಿಂದು ಮುಂದನ್ನು ಗೊತ್ತುಪಡಿಸಿದರು. ಶಾಲೆಯ ತಕ್ಕಡಿಯೊಂದು ಚರಿತ್ರೆಯ ಬೀಗ ತೆರೆದಂತಾಯಿತು. ಅವರು ಇತಿಹಾಸಕಾರರಾದದ್ದು ಈ ದಾರಿಯಿಂದಲೇ. ಭಾರತದ ಇತಿಹಾಸ ಕುರಿತ ಅವರ ಹೆಸರಾಂತ ಗ್ರಂಥ 1956ರಲ್ಲಿ ಹೊರಬಂತು.

1945ರಲ್ಲಿ ಹೋಮಿ ಭಾಭಾ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗೆ ಕೋಸಾಂಬಿಯವರನ್ನು ಬರಮಾಡಿಕೊಂಡರು. ಪುಣೆಯ ಮನೆಯಿಂದ ಡೆಕ್ಕನ್ ಕ್ವೀನ್ ರೈಲಿನಲ್ಲಿ ಅವರ ಓಡಾಟ. ಆದರೆ ಶಕ್ತಿಯ ಪ್ರಶ್ನೆ ಬಂದಾಗ ಇಬ್ಬರ ದಾರಿ ಬೇರೆಯಾಯಿತು. ಭಾಭಾ ಅವರು ಪರಮಾಣು ಶಕ್ತಿಯ ರೂವಾರಿ. ಕೋಸಾಂಬಿಯವರಿಗಾದರೋ ಬಿಸಿಲಿನ ಈ ದೇಶಕ್ಕೆ ಸೂರ್ಯನೇ ಸಾಕೆಂಬ ನಂಬಿಕೆ. ಸೂರ್ಯನ ಬೆಳಕು ಎಂಟು ನಿಮಿಷದಲ್ಲಿ ತಾನಾಗಿ ಬಂದು ಪ್ರತಿಯೊಂದು ಹಳ್ಳಿಗೂ ಬೀಳುತ್ತದೆ. ಮೋಡವಿಲ್ಲದ ನಡುಹಗಲಿನಲ್ಲಿ ಅಡಿಕೆ ಒಣಗಿಸುವ ಅಂಗಳದ ಒಂದೊಂದು ಚದರ ಮೀಟರಿಗೂ ಸುಮಾರು 1000 ವಾಟ್ ಶಕ್ತಿ ಸುರಿಯುತ್ತದೆ. ಅದಕ್ಕೆ ಇಂಧನ ಹೊರಬೇಕಿಲ್ಲ, ದೂರದಿಂದ ತಂತಿ ಎಳೆಯಬೇಕಿಲ್ಲ. ಬಡ ದೇಶದ ಹಣ ಈ ಸಂಶೋಧನೆಗೆ ಹೋಗಲಿ ಎಂದು ಅವರು ಬಹಿರಂಗವಾಗಿಯೇ ವಾದಿಸಿದರು. ತಾವು ಅನ್ನ ತಿನ್ನುವ ಸಂಸ್ಥೆಯ ಮುಖ್ಯಸ್ಥರಿಗೆ ಅದು ಹಿತವೋ ಅಹಿತವೋ ಎಂದು ಅಳೆಯಲಿಲ್ಲ.

ಅವರಲ್ಲಿ ತಪ್ಪೇ ಇರಲಿಲ್ಲವೆಂದು ನಾವು ಹೇಳಲಾರೆವು. ಗಣಿತದ ಅತಿ ಕಠಿಣ ಸಮಸ್ಯೆಯಾದ ರೀಮಾನ್ ಊಹೆಯನ್ನು ಸಾಧಿಸಿದೆನೆಂದು ಅವರು 1959ರಲ್ಲಿ ಕೃಷಿ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಆ ಸಾಧನೆ ನಿಲ್ಲಲಿಲ್ಲ, ಗಣಿತಜ್ಞರ ನಡುವೆ ಅವರ ಗೌರವಕ್ಕೆ ಪೆಟ್ಟು ಬಿತ್ತು. 1962ರಲ್ಲಿ ಸಂಸ್ಥೆ ಅವರ ಸೇವೆಯನ್ನು ಮುಂದುವರಿಸಲಿಲ್ಲ. ಅಷ್ಟರಲ್ಲಿ, 1961ರ ಡಿಸೆಂಬರಿನಲ್ಲಿ, ಅವರ ಹುಟ್ಟೂರು ಗೋವೆ ವಿಮೋಚನೆಗೊಂಡಿತ್ತು. ಕೆಲಸ ಹೋದರೂ ಲೇಖನಿ ನಿಲ್ಲಲಿಲ್ಲ. 1966ರ ಜನವರಿಯಲ್ಲಿ ಭಾಭಾ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅದೇ ವರ್ಷ ಜೂನ್ 29ರಂದು ಐವತ್ತೆಂಟರ ಕೋಸಾಂಬಿಯವರೂ ಪುಣೆಯಲ್ಲಿ ಕಣ್ಮುಚ್ಚಿದರು.

ಇಂದು ನಮ್ಮ ಪೈವಳಿಕೆಯಲ್ಲೇ ಬಿಸಿಲಿನಿಂದ ವಿದ್ಯುತ್ ತೆಗೆಯುವ ಸ್ಥಾವರವಿದೆ, ಪಾವಗಡದಲ್ಲಿ ಅದಕ್ಕಿಂತ ಎಷ್ಟೋ ಪಾಲು ದೊಡ್ಡದಿದೆ. ಆ ಹಲಗೆಗಳನ್ನು ಕಂಡಾಗಲೆಲ್ಲ ನಮಗೆ ಈ ಗೋವೆಯವರ ನೆನಪಾಗುತ್ತದೆ. ಬಹುಮಂದಿ ಒಪ್ಪದ ಮಾತನ್ನೂ ತೂಗಿ ನೋಡಿ, ಸರಿಯೆನಿಸಿದರೆ ಆಡಬೇಕು. ತೂಕ ತಪ್ಪಿದಾಗ ಅದರ ಬೆಲೆಯನ್ನೂ ತೆರಬೇಕು. ವಿಜ್ಞಾನ ಪಾಠದೊಡನೆ ಇಷ್ಟನ್ನೂ ನಮ್ಮ ಮಕ್ಕಳು ಕಲಿತರೆ ಮೇಷ್ಟರುಗಳಾದ ನಮ್ಮ ಶ್ರಮ ಸಾರ್ಥಕ.