ಕೈರಾನಾದಿಂದ ಮಿರಜಕ್ಕೆ



ಹುಬ್ಬಳ್ಳಿ ಕಡೆಯಿಂದ ಬರುವ ರೈಲು ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿ ದಾವಣಗೆರೆಗೆ ತಲುಪುತ್ತದೆ. ಈ ದಾರಿಯಲ್ಲಿ ನೀವು ಎಷ್ಟೋ ಸಲ ಪ್ರಯಾಣಿಸಿರಬಹುದು. ಮಿರಜದಿಂದ ಮೈಸೂರಿನ ಅರಮನೆಗೆ ಹೋಗುವ ಸಂಗೀತಗಾರರಿಗೂ ಒಂದು ಕಾಲದಲ್ಲಿ ಇದೇ ರೈಲುದಾರಿಯಾಗಿತ್ತು. ಅಂಥವರಲ್ಲಿ ಒಬ್ಬರು ಉಸ್ತಾದ್ ಅಬ್ದುಲ್ ಕರೀಂ ಖಾನ್.

ಅವರು ಹುಟ್ಟಿದ್ದು 1872ರಲ್ಲಿ, ಉತ್ತರ ಪ್ರದೇಶದ ಕೈರಾನಾದಲ್ಲಿ. ಅದಕ್ಕೆ ಹದಿನೈದು ವರ್ಷ ಮೊದಲು, 1857ರಲ್ಲಿ, ಆ ಸೀಮೆ ಯುದ್ಧದಲ್ಲಿ ಬೆಂದುಹೋಗಿತ್ತು. ಹತ್ತಿರದ ಶಾಮ್ಲಿಯಲ್ಲಿ ಉಲಮಾಗಳೇ ಕತ್ತಿ ಹಿಡಿದು ಹೋರಾಡಿದ್ದರು. ಅದೇ ಕೈರಾನಾದ ಮೌಲಾನಾ ರಹ್ಮತುಲ್ಲಾಹ್ ಕೈರಾನವಿಯವರು ಆಸ್ತಿಪಾಸ್ತಿಯನ್ನೆಲ್ಲ ಕಳೆದುಕೊಂಡು ಮಕ್ಕಾ ಸೇರಿದರು. ಅಲ್ಲಿ ಸೌಲತಿಯಾ ಮದ್ರಸಾವನ್ನು ಕಟ್ಟಿದರು. ದಿಲ್ಲಿಯ ದರ್ಬಾರು ಮುಗಿದಾಗ ಅದನ್ನು ನಂಬಿದ್ದ ಗಾಯಕರ, ವಾದಕರ ಮನೆತನಗಳೂ ಅನ್ನ ಅರಸುತ್ತಾ ದೇಶೀಯ ಸಂಸ್ಥಾನಗಳ ಕಡೆಗೆ ಚದುರಿದವು. ಅಬ್ದುಲ್ ಕರೀಂ ಖಾನರು ಆ ಯುದ್ಧವನ್ನು ಕಣ್ಣಾರೆ ಕಂಡವರಲ್ಲ. ಆದರೆ ಹಳೆಯ ಆಶ್ರಯ ಮುರಿದುಬಿದ್ದ ಕಾಲದಲ್ಲಿ ಕಣ್ಣುಬಿಟ್ಟವರು.

ಸಂಗೀತದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅದರ ತೀರ್ಪು ಈ ಲೇಖನದ ಉದ್ದೇಶವಲ್ಲ. ನೆಲೆ ತಪ್ಪಿದ ಒಬ್ಬ ಮನುಷ್ಯ ಪರವೂರಿನಲ್ಲಿ ಹೇಗೆ ಬಾಳಿದ ಎಂಬುದನ್ನಷ್ಟೇ ನೀವು ಗಮನಿಸಿರಿ.

ಅವರು ಯೌವನದಲ್ಲಿ ಬರೋಡಾದ ಆಸ್ಥಾನ ಸೇರಿದರು. ಕೆಲವು ವರ್ಷಗಳಲ್ಲಿ ಆ ಆಶ್ರಯವೂ ಕೈತಪ್ಪಿತು. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ತೆರೆದರು. ಬಡ ಶಿಷ್ಯರಿಗೆ ಊಟ, ವಸತಿಯನ್ನೂ ತಾವೇ ಕೊಟ್ಟರು. ಕಛೇರಿಯ ಗಳಿಕೆ ಅದಕ್ಕೇ ಹೋಗುತ್ತಿತ್ತು. ಕೆಲವು ವರ್ಷಗಳಲ್ಲಿ ಆ ಶಾಲೆಯೂ ಮುಚ್ಚಿತು. 1922ರಲ್ಲಿ ಪತ್ನಿ ಮಕ್ಕಳೊಂದಿಗೆ ದೂರವಾದರು. ಅವರ ಬಾಳು ದೋಷವಿಲ್ಲದ ಬಾಳೆಂದು ನಾವು ಹೇಳುವುದಿಲ್ಲ. ಐವತ್ತರ ವಯಸ್ಸಿನಲ್ಲಿ ಶಾಲೆಯೂ ಇಲ್ಲ, ಸಂಸಾರವೂ ಇಲ್ಲ. ಇಂಥ ಹೊತ್ತಿನಲ್ಲಿ ಎಷ್ಟೋ ಮಂದಿ ವಿಧಿಯನ್ನು ಹಳಿಯುತ್ತಾ ಕೂರುತ್ತಾರೆ. ಖಾನ್ ಸಾಹೇಬರು ಹುಟ್ಟೂರಿನಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಮಿರಜದಲ್ಲಿ ಮತ್ತೆ ಬದುಕನ್ನು ಕಟ್ಟಿಕೊಂಡರು. ಹಾಡುವುದರ ಜೊತೆಗೆ ವಾದ್ಯಗಳನ್ನು ದುರಸ್ತಿ ಮಾಡುವ ಕೈಕೆಲಸವನ್ನೂ ಅವರು ಬಲ್ಲವರಾಗಿದ್ದರು. ದುಡಿಮೆಯನ್ನು ಕೀಳೆಂದು ತಿಳಿಯಲಿಲ್ಲ.

ಅವರ ಎರಡು ಗುಣಗಳನ್ನು ನೀವು ನೆನಪಿಡಬೇಕು. ಮೊದಲನೆಯದು, ಬಂದ ನೆಲದಿಂದ ಕಲಿಯುವ ವಿನಯ. ಮೈಸೂರು, ಮದರಾಸುಗಳಲ್ಲಿ ಕರ್ನಾಟಕ ಸಂಗೀತವನ್ನು ಕೇಳಿದಾಗ ತಮ್ಮದೇ ದೊಡ್ಡದೆಂದು ಹಟ ಹಿಡಿಯಲಿಲ್ಲ. ಅದರ ಸ್ವರಪ್ರಸ್ತಾರವನ್ನು ತಮ್ಮ ಹಾಡಿಕೆಯಲ್ಲಿ ತಂದುಕೊಂಡರು, ತ್ಯಾಗರಾಜರ ಕೃತಿಗಳನ್ನೂ ಹಾಡಿದರು. ಎರಡನೆಯದು, ಇರುವುದನ್ನು ಹಂಚುವ ಔದಾರ್ಯ. ವಿದ್ಯೆಯನ್ನು ಮನೆತನದ ಗಂಟೆಂದು ಮುಚ್ಚಿಡುವ ಉಸ್ತಾದರು ಆ ಕಾಲದಲ್ಲಿ ಕಡಿಮೆಯಿರಲಿಲ್ಲ. ಇವರು ಕುಂದಗೋಳದ ರಾಮಭಾವು ಎಂಬ ಬ್ರಾಹ್ಮಣ ಹುಡುಗನಿಗೆ ಮನಸಾರೆ ಕಲಿಸಿದರು. ಆತನೇ ಮುಂದೆ ಸವಾಯಿ ಗಂಧರ್ವರೆಂದು ಹೆಸರಾದರು. ಅವರಿಂದ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಕಲಿತರು. ಹೀಗೆ ಕೈರಾನಾದ ವಿದ್ಯೆ ಕನ್ನಡ ನಾಡಿನ ಸೊತ್ತಾಯಿತು.

1937ರ ಅಕ್ಟೋಬರ್ 27ರಂದು ಮದರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದಾಗ ರೈಲಿನಲ್ಲಿ ಅವರಿಗೆ ಎದೆನೋವು ಬಂತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಪ್ಲಾಟ್‌ಫಾರ್ಮಿನಲ್ಲೇ ಹಾಸಿಗೆ ಬಿಡಿಸಿ, ಸೃಷ್ಟಿಕರ್ತನನ್ನು ಸ್ಮರಿಸುತ್ತಾ ಕೊನೆಯುಸಿರೆಳೆದರೆಂದು ಹೇಳುತ್ತಾರೆ. ಅವರ ದಫನ್ ಮಿರಜದಲ್ಲಿ ನಡೆಯಿತು. ಜೀವನವಿಡೀ ಪ್ರಯಾಣಿಕರಾಗಿದ್ದವರು ಪ್ರಯಾಣದಲ್ಲೇ ಹೊರಟುಹೋದರು. ನಮ್ಮೆಲ್ಲರ ಬಾಳೂ ಅಷ್ಟೇ ಅಲ್ಲವೇ?

ಇನ್ನು ನಿಮ್ಮ ಊರನ್ನೇ ನೋಡಿರಿ. ದಾವಣಗೆರೆ ಒಮ್ಮೆ ಸಣ್ಣ ಹಳ್ಳಿ. ಹೈದರಲಿ ಅದನ್ನು ಅಪೋಜಿರಾಮನೆಂಬ ಮರಾಠಾ ಮುಖಂಡನಿಗೆ ಜಹಗೀರಾಗಿ ಕೊಟ್ಟ ಮೇಲೆ ಹೊರಗಿನವರು ಬಂದು ನೆಲೆಸಿದರು. ಮುಂದೆ ಹತ್ತಿಯ ಗಿರಣಿಗಳು ಇನ್ನಷ್ಟು ಜನರನ್ನು ಕರೆತಂದವು. ಬಂದವರಿಂದಲೇ ಬೆಳೆದ ಊರದು. ಹೀಗಿರುವಾಗ ಊರು ಬಿಟ್ಟು ಬಂದ ಕುಟುಂಬವೊಂದು ನಿಮ್ಮ ಓಣಿಯಲ್ಲಿ ಬಾಡಿಗೆಮನೆ ಕೇಳಿದರೆ ನೀವು ಮೊದಲು ವಿಚಾರಿಸುವುದೇನು? ಅವರ ಭಾಷೆಯನ್ನೇ, ಜಾತಿಯನ್ನೇ? ಅಥವಾ ಊಟವಾಯಿತೇ ಎಂದೇ?

ಮದೀನಾದ ಅನ್ಸಾರರು ಬರಿಗೈಯಲ್ಲಿ ಬಂದ ಮುಹಾಜಿರರಿಗೆ ಮನೆಯನ್ನೂ ತೋಟದ ಫಲವನ್ನೂ ಹಂಚಿದರು. ಮುಹಾಜಿರರೂ ಭಾರವಾಗಿ ಉಳಿಯದೆ ದುಡಿದು ತಿಂದರು. ಆ ಮಾದರಿಯಲ್ಲಿ ಇಬ್ಬರಿಗೂ ಪಾಠವಿದೆ. ಬಂದವನು ವಿನಯದಿಂದ ಕಲಿಯಲಿ, ದುಡಿಯಲಿ, ತನ್ನಲ್ಲಿರುವುದನ್ನು ಹಂಚಲಿ. ಇದ್ದವನು ಬಾಗಿಲು ತೆರೆಯಲಿ. ಇಂದು ಬಾಗಿಲು ತಟ್ಟುವವನ ಕೈಯಲ್ಲಿ ನಾಳೆ ನಿಮ್ಮ ಮಕ್ಕಳಿಗೆ ಸಿಗಬೇಕಾದ ಯಾವ ವಿದ್ಯೆಯಿದೆಯೋ ಅಲ್ಲಾಹನೇ ಬಲ್ಲನು.